ಹೊಟ್ಟಿನ ದಿಂಬು

ದೆಹಲಿಯಲ್ಲಿ ನವರಾತ್ರಿ ಹತ್ತಿರವಾದಂತೆ ದಿನಸಿ ಅಂಗಡಿಗಳಲ್ಲಿ ಕುಟ್ಟೂ ಹಿಟ್ಟು ಕಾಣಿಸಿಕೊಳ್ಳುತ್ತದೆ. ಹಿಮಾಲಯದ ಇಳಿಜಾರುಗಳಲ್ಲಿ ಬೆಳೆಯುವ ಈ ಮೂರು ಮೂಲೆಯ ಕಾಳು ಗೋಧಿಯ ಕುಲಕ್ಕೆ ಸೇರಿದ್ದಲ್ಲ; ಆದ್ದರಿಂದಲೇ ಉಪವಾಸದವರಿಗೂ ಅದು ಸಲ್ಲುತ್ತದೆ. ಹಿಟ್ಟಿಗೆ ಇಷ್ಟು ಮನ್ನಣೆಯಿದ್ದರೂ ಅದರ ಹೊಟ್ಟನ್ನು ಇಲ್ಲಿ ಕೇಳುವವರು ಕಡಿಮೆ. ಜಪಾನೀಯರಾದರೋ ಬಹುಕಾಲದಿಂದ ಆ ಕಪ್ಪುಗಂದು ಹೊಟ್ಟನ್ನು ದಿಂಬಿಗೆ ತುಂಬುತ್ತ ಬಂದಿದ್ದಾರೆ. ಅದಕ್ಕೆ 'ಸೋಬಾಗಾರಾ' ಎಂದು ಹೆಸರು. ಹೊಟ್ಟಿನ ನಡುವೆ ಗಾಳಿಯಾಡುವುದರಿಂದ ಸೆಕೆಯಲ್ಲೂ ದಿಂಬು ಬಿಸಿಯೇರದು. ಕತ್ತಿನ ಬಾಗಿಗೆ ತಕ್ಕಂತೆ ಸರಿದು ನಿಲ್ಲುತ್ತದೆ. ಕತ್ತುನೋವಿನ ಅವ್ವನಿಗೆ ಅಂಥದೊಂದನ್ನು ತಂದು ನಾಲ್ಕು ವರ್ಷವಾಯಿತು.

ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಕಡೆಯ ಹಳ್ಳಿಯಿಂದ ಬಂದ ಅವ್ವನಿಗೆ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಕೆಲಸವೇ ಸಿಗಲಿಲ್ಲ. ಅಕ್ಕಿ, ಬೇಳೆ ಎಲ್ಲವೂ ಸ್ವಚ್ಛವಾಗಿ ಪೊಟ್ಟಣದಲ್ಲೇ ಬರುತ್ತಿದ್ದವು. "ಬರೇ ಕುಂತು ಉಣ್ಣಾಕ ಬಂದೀನೇನು?" ಎಂದು ಒಮ್ಮೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ದಿಂಬಿನ ಆರೈಕೆಯ ಮೊದಲ ನಿಯಮವೆಂದರೆ ಹೊಟ್ಟಿಗೆ ನೀರು ತಾಕಿಸಬಾರದು. ತೇವ ಒಳಗೇ ಉಳಿದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲ ಕಳೆದು, ದೀಪಾವಳಿಯ ಹೊಗೆ ಕವಿಯುವ ಮುನ್ನ, ನಾವು ಅದನ್ನು ತಾರಸಿಗೆ ಒಯ್ಯುತ್ತೇವೆ. ಹೊಟ್ಟನ್ನು ಹಳೆಯ ಸೀರೆಯ ಮೇಲೆ ತೆಳುವಾಗಿ ಹರವಿ, ನಡುನಡುವೆ ಕೈಯಾಡಿಸುತ್ತ, ಕೆಲವು ತಾಸು ಬಿಸಿಲು ಕಾಯಿಸುವುದು. ಚೀಲವನ್ನಷ್ಟೇ ಒಗೆದು ಪೂರ್ತಿ ಒಣಗಿಸುವುದು. ಪುಡಿಯಾದ ಹೊಟ್ಟಿನ ಧೂಳು ಕೆಲವರಿಗೆ ಸೀನು, ಉಬ್ಬಸ ತರುತ್ತದೆ. ಅಂಥವರಿಗೆ ಈ ದಿಂಬೇ ಸಲ್ಲದು. ಉಳಿದವರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಲೇಸು.

ಮೊದಲ ವರ್ಷ ನಾನು ಜರಡಿ ತಂದೆ. ಅವ್ವ ಅದನ್ನು ಬದಿಗಿಟ್ಟು, ಊರಿನಿಂದ ತಂದು ಅಟ್ಟದ ಮೇಲಿಟ್ಟಿದ್ದ ಮೊರವನ್ನು ಕೇಳಿ ಪಡೆದಳು. ಆಯುಷ್ಯವಿಡೀ ಹೊಟ್ಟು ಹಾರಿಸಿ ಕಾಳು ಉಳಿಸಿಕೊಂಡ ಕೈಗೆ ಈಗ ಧೂಳು ಹಾರಿಸಿ ಹೊಟ್ಟನ್ನೇ ಉಳಿಸಿಕೊಳ್ಳುವ ಕೆಲಸ. ನಾಲ್ಕಾರು ಸಲ ತಪ್ಪಿದ ಮೇಲೆ ಮೊರದ ಓಟವನ್ನು ಅವಳೇ ಹದಗೊಳಿಸಿದಳು. ಬಿದ್ದ ಪುಡಿ ತುಳಸಿಯ ಕುಂಡಕ್ಕೆ ಹೋಯಿತು.

ವರ್ಷ ಕಳೆದಂತೆ ಹೊಟ್ಟು ಸವೆದು ದಿಂಬು ತಗ್ಗುತ್ತದೆ. ಆಗ ಹಳೆಯದನ್ನೆಲ್ಲ ಚೆಲ್ಲಬೇಕಿಲ್ಲ. ಕುಂದಿದಷ್ಟು ಹೊಸ ಹೊಟ್ಟು ಬೆರೆಸಿದರೆ ಸಾಕು. ಎಷ್ಟೆಂಬುದನ್ನು ಅವ್ವ ತಕ್ಕಡಿಯಿಂದಲ್ಲ, ಅಂಗೈಯಿಂದ ಒತ್ತಿ ನೋಡಿ ಹೇಳುತ್ತಾಳೆ. ಹಳೆಯ ಹೊಟ್ಟಿನ ಜೊತೆ ಸೇರಿ ಹೊಸದೂ ಕೆಲವೇ ದಿನಗಳಲ್ಲಿ ಅವಳ ಕತ್ತಿಗೆ ಒಗ್ಗಿಕೊಳ್ಳುತ್ತದೆ.

ಈ ಸಲ ಅವಳ ತೋಳು ಮೇಲೇಳಲಿಲ್ಲ. ಮೊರ ಮೊಮ್ಮಗಳ ಕೈಗೆ ಬಂತು. ದೆಹಲಿಯಲ್ಲೇ ಹುಟ್ಟಿದ ಹುಡುಗಿ ಅದನ್ನು ತಟ್ಟೆಯಂತೆ ಹಿಡಿದಳು. ಅವ್ವ ಹಿಂದಿನಿಂದ ಅವಳ ಮೊಣಕೈಗಳನ್ನು ತಿದ್ದಿ, "ಸಾವಕಾಶ ಕೇರವ್ವಾ, ಹೊಟ್ಟು ಹಾರೀತು" ಎಂದಳು.