ಎತ್ತರದ ಸೂರಿನ ಕೆಳಗೆ

ಮೈಸೂರಿನ ಅರಮನೆಗಳ ಮಾತು ತೆಗೆದರೆ ಬೇಗ ಮುಗಿಯುವುದಿಲ್ಲ. ದೊಡ್ಡರಮನೆಯ ದೀಪಾಲಂಕಾರ ನೋಡಿಕೊಂಡು ಹೋಗುವವರಿಗೆ ಉಳಿದ ಅರಮನೆಗಳು ಏನಾದವು ಎಂಬ ಯೋಚನೆ ಬರುವುದು ಕಡಿಮೆ. ನನಗೆ ಅದೇ ಕುತೂಹಲ. ಚೆಲುವಾಂಬ ಮ್ಯಾನ್ಷನ್‌ನಲ್ಲಿ ಸಿಎಫ್‌ಟಿಆರ್‌ಐನವರು ಆಹಾರ ಸಂಶೋಧನೆ ನಡೆಸುತ್ತಾರೆ. ಜಯಲಕ್ಷ್ಮೀ ವಿಲಾಸದಲ್ಲಿ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇದೆ. ವೈಸ್‌ರಾಯ್ ಬಂದಾಗ ಇಳಿದುಕೊಳ್ಳಲೆಂದು ಕಟ್ಟಿಸಿದ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ಇವುಗಳ ಮುಂದೆ ಚಿಕ್ಕದೇ ಎನ್ನಬಹುದಾದ, ಆದರೆ ಎಲ್ಲಕ್ಕಿಂತ ಹೆಚ್ಚು ಏಳುಬೀಳು ಕಂಡ ಅರಮನೆಯೊಂದು ಹುಣಸೂರು ರಸ್ತೆಯಲ್ಲಿದೆ. ಅದು ಚಿತ್ತರಂಜನ್ ಅರಮನೆ. ಹೋಟೆಲಾದ ಮೇಲೆ ಬಂದ ಹೆಸರು ಗ್ರೀನ್ ಹೋಟೆಲ್.

1920ರ ದಶಕದಲ್ಲಿ ರಾಜಕುಮಾರಿಯರಿಗೆಂದು ಕಟ್ಟಿಸಿದ ಮನೆ ಅದು. ರಾಜರ ಕಾಲ ಮುಗಿದ ಮೇಲೆ ಅಲ್ಲಿ ಪ್ರೀಮಿಯರ್ ಸ್ಟುಡಿಯೋ ಬಂತು. ಕನ್ನಡದ ಎಷ್ಟೋ ಚಿತ್ರಗಳ ಚಿತ್ರೀಕರಣ ನಡೆದದ್ದು ಆ ಆವರಣದಲ್ಲೇ. ಮದರಾಸಿಗೆ ಅಲೆಯದೆ ನಮ್ಮ ಊರಲ್ಲೇ ಸಿನಿಮಾ ಮಾಡಬಹುದು ಎಂಬ ಧೈರ್ಯ ಕೊಟ್ಟ ಜಾಗಗಳಲ್ಲಿ ಅದೂ ಒಂದು.

ಆಮೇಲೆ 1989ರ ಫೆಬ್ರವರಿ 8 ಬಂತು. ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಹತ್ತಿ 62 ಮಂದಿ ತೀರಿಕೊಂಡರು. ಗೋಡೆಗೆಲ್ಲ ಗೋಣಿಚೀಲ ಹೊದಿಸಿತ್ತು, ಗಾಳಿ ಹೋಗಲು ದಾರಿ ಇರಲಿಲ್ಲ, ಬೆಂಕಿ ಆರಿಸಲು ತಕ್ಕ ಸಲಕರಣೆ ಇರಲಿಲ್ಲ. ಸಹಾಯಕರು, ಲೈಟ್‌ಬಾಯ್‌ಗಳು, ಸಣ್ಣಪುಟ್ಟ ಪಾತ್ರದವರು ಹೀಗೆ ಹೆಚ್ಚಿನವರು ದಿನದ ಕೂಲಿ ನೆಚ್ಚಿಕೊಂಡಿದ್ದ ಜನ. ಆ ಜಾಗದ ಬಗ್ಗೆ ಬರೆಯುವವರು ರಾಜಕುಮಾರಿಯರನ್ನು ಹೊಗಳಿ, ಇದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುವುದು ನನಗೆ ಸರಿಕಾಣದು.

ಹೋಟೆಲಿನ ವಿಷಯಕ್ಕೆ ಬರೋಣ. ಬ್ರಿಟನ್ನಿನ ಹಿಲರಿ ಬ್ಲೂಮ್ ಮತ್ತು ಅವರ ಚಾರಿಟೀಸ್ ಅಡ್ವೈಸರಿ ಟ್ರಸ್ಟ್ 1990ರ ದಶಕದಲ್ಲಿ ಈ ಅರಮನೆಯನ್ನು ದುರಸ್ತಿ ಮಾಡಿಸಿ ಹೋಟೆಲ್ ತೆರೆದರು. ಲಾಭವೆಲ್ಲ ಧರ್ಮಕಾರ್ಯ ಮತ್ತು ಪರಿಸರದ ಕೆಲಸಕ್ಕೆ ಎಂದು ನಿಯಮ ಮಾಡಿಕೊಂಡರು. ಸ್ನಾನದ ನೀರು ಬಿಸಿಲಿನಿಂದಲೇ ಕಾಯಬೇಕು, ಕೋಣೆಯಲ್ಲಿ ಏಸಿ ಬೇಡ, ಟಿವಿ ಬೇಡ ಎಂದರು. ಓದಲು ಪುಸ್ತಕ, ಕೂರಲು ವರಾಂಡ, ಅಡ್ಡಾಡಲು ಹೂದೋಟ ಇಟ್ಟರು.

ಏಸಿ ಇಲ್ಲದ್ದು ಐಷಾರಾಮವೇ ಎಂದು ಕೇಳಬಹುದು. ಖಂಡಿತ ಹೌದು ಎನ್ನುತ್ತೇನೆ. ಆ ಕಾಲದ ಮನೆಗಳಲ್ಲಿ ಸೂರು ಎತ್ತರ, ಸೆಖೆ ಮೇಲೇರಿ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಸುತ್ತಲಿನ ವರಾಂಡ ಬಿಸಿಲನ್ನು ಗೋಡೆಗೆ ತಾಗಲು ಬಿಡುವುದಿಲ್ಲ. ಹಳಬರು ಸುಣ್ಣಕ್ಕೆ ಮರಳು ಬೆರೆಸಿ, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಬೊಬ್ಬೆ ಏಳುತ್ತದೆ. ಹಳೆಯ ಬಂಗಲೆ ಕೊಂಡು ಹೋಟೆಲ್ ಮಾಡುವ ಎಷ್ಟೋ ಮಂದಿ ಮೊದಲು ಮಾಡುವುದೇ ಈ ಕೆಲಸ. ಜೊತೆಗೆ ಫಾಲ್ಸ್ ಸೀಲಿಂಗ್ ಕಟ್ಟಿ ಎತ್ತರವನ್ನು ಅರ್ಧ ನುಂಗುತ್ತಾರೆ, ಬೆಳಕಿಂಡಿಗೆ ಹಲಗೆ ಬಡಿಯುತ್ತಾರೆ, ಆಮೇಲೆ ತಂಪಿಗೆಂದು ಯಂತ್ರ ತರುತ್ತಾರೆ. ನೂರು ವರ್ಷದ ಮನೆಗೆ ಹಣ ಕೊಟ್ಟು ಅದರ ಗಾಳಿಯನ್ನೇ ಬಿಟ್ಟುಕೊಡುವುದು ದೊಡ್ಡ ನಷ್ಟ. ಗಾರೆ ಕೆಲಸ ಬಲ್ಲ ಹಿರಿಯರನ್ನು ಹುಡುಕಿ, ಅವರು ಕೇಳಿದ ಕೂಲಿ ಕೊಟ್ಟು ಕೆಲಸ ಮಾಡಿಸಬೇಕು. ಅಮೃತಶಿಲೆಯ ಬಚ್ಚಲಿಗಿಂತ ಮೊದಲು ಆಗಬೇಕಾದ ಖರ್ಚು ಅದು.

ಮತ್ತೆ ಗ್ರೀನ್ ಹೋಟೆಲಿಗೆ ಬಂದರೆ, ಅದೇ ಆವರಣದಲ್ಲಿ ಮಾಲ್ಗುಡಿ ಹೆಸರಿನ ಕಾಫಿ ಅಂಗಡಿಯೊಂದನ್ನು ಮಾಡಿ, ದಲಿತ ಹೆಣ್ಣುಮಕ್ಕಳ ಕೈಗೆ ಕೊಟ್ಟರು. ಮಾಲ್ಗುಡಿಯನ್ನು ಸೃಷ್ಟಿಸಿದ ಆರ್.ಕೆ. ನಾರಾಯಣ್ ಇದ್ದ ಯಾದವಗಿರಿಯ ಮನೆ ಅಲ್ಲಿಂದ ದೂರವೇನಲ್ಲ; ಕೆಡವಲು ಹೊರಟಿದ್ದ ಆ ಮನೆಯೂ ಉಳಿದು ವಸ್ತುಸಂಗ್ರಹಾಲಯವಾಯಿತು. ಕಾಫಿ ಅಂಗಡಿಯ ಹೆಣ್ಣುಮಕ್ಕಳು ಕೇಕ್ ಸುಡುವುದನ್ನೂ ಲೆಕ್ಕ ಬರೆಯುವುದನ್ನೂ ಕಲಿತು ಅಂಗಡಿ ನಡೆಸಿದರು. ಅರಮನೆಯ ಬಾಗಿಲಲ್ಲಿ ಅವರ ಅಜ್ಜಿಯರಿಗೆ ಯಾವ ಮರ್ಯಾದೆ ಸಿಗುತ್ತಿತ್ತೆಂದು ಯೋಚಿಸಿದರೆ, ಈ ಕಟ್ಟಡಕ್ಕೆ ಆದ ನಿಜವಾದ ದುರಸ್ತಿ ಇದೇ ಎನ್ನಿಸುತ್ತದೆ. ಮೈಸೂರಿಗೆ ಹೋದಾಗ ಆ ಅಂಗಡಿ ತೆರೆದಿದ್ದರೆ, ಅಲ್ಲಿ ತಂಗದಿದ್ದರೂ ಚಿಂತೆಯಿಲ್ಲ, ತೋಟದಲ್ಲಿ ಕೂತು ಒಂದು ಕಾಫಿ ಕುಡಿದು, ಅದರ ದುಡ್ಡನ್ನು ಅವರ ಕೈಗೇ ಕೊಟ್ಟು ಬನ್ನಿ.