ಸ್ಟಾರ್ ವಾರ್ಸ್ ಪೂರ್ವಕಥೆಗಳ ಮರುನೋಟ

ಮೊದಲ ‘ಸ್ಟಾರ್ ವಾರ್ಸ್’ ಚಿತ್ರತ್ರಯ 1983ರಲ್ಲಿ ಮುಗಿಯುವ ಹೊತ್ತಿಗೆ ಕಪ್ಪು ಮುಖವಾಡದ ಡಾರ್ತ್ ವೇಡರ್ ಜಗತ್ತಿಗೆಲ್ಲ ಪರಿಚಿತನಾಗಿದ್ದ. ಅವನು ಖಳನಾದದ್ದು ಹೇಗೆಂದು ಹೇಳಲು ಜಾರ್ಜ್ ಲ್ಯೂಕಸ್ ಮತ್ತೆ ಮೂರು ಚಿತ್ರ ತೆಗೆದರು: ‘ದ ಫ್ಯಾಂಟಮ್ ಮೆನೇಸ್’ (1999), ‘ಅಟ್ಯಾಕ್ ಆಫ್ ದ ಕ್ಲೋನ್ಸ್’ (2002), ‘ರಿವೆಂಜ್ ಆಫ್ ದ ಸಿತ್’ (2005). ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿ ಇವನ್ನು ಒಪ್ಪಲೇ ಇಲ್ಲ.

ಆಕ್ಷೇಪಗಳಲ್ಲಿ ಹುರುಳಿತ್ತು. ಮುಂದೆ ವೇಡರ್ ಆಗುವ ಅನಾಕಿನ್ ಮತ್ತು ಪದ್ಮೆಯ ಪ್ರೇಮಸಂಭಾಷಣೆ ಇಂದಿಗೂ ಸಪ್ಪೆ. ನಟಾಲಿ ಪೋರ್ಟ್‌ಮನ್‌ರಂಥ ಕಲಾವಿದೆಯ ಬಾಯಲ್ಲೂ ಅದಕ್ಕೆ ಜೀವ ಬರುವುದಿಲ್ಲ. ನಿಗೂಢ ಶಕ್ತಿಯಾಗಿದ್ದ ‘ಫೋರ್ಸ್’ ರಕ್ತಪರೀಕ್ಷೆಯಲ್ಲಿ ಎಣಿಸಬಹುದಾದ ವಸ್ತುವಾದದ್ದೂ ನಷ್ಟವೇ.

ಆದರೆ ಕಣ್ಣು ಕಿವಿಗೆ ಸಿಗುವುದು ಬೇಕಾದಷ್ಟಿದೆ. ಮೊದಲ ಚಿತ್ರದ ಪಾಡ್ ರೇಸ್‌ನ ಬಹುಭಾಗದಲ್ಲಿ ಹಿನ್ನೆಲೆ ಸಂಗೀತವಿಲ್ಲ. ಬೆನ್ ಬರ್ಟ್ ಕಟ್ಟಿದ ಎಂಜಿನ್ ಸದ್ದುಗಳೇ ಓಟವನ್ನು ನಡೆಸುತ್ತವೆ. ಎಲ್ಲವೂ ಕಂಪ್ಯೂಟರ್ ಮಾಯೆ ಎಂದು ಹಳಿಸಿಕೊಂಡ ಈ ಚಿತ್ರದಲ್ಲಿ, ರೇಸ್ ನೋಡಲು ನೆರೆದ ಜನಸಾಗರದಲ್ಲಿ ಬಹುಪಾಲು ಕಿವಿಗೆ ಹಾಕುವ ಹತ್ತಿಕಡ್ಡಿಗಳು: ಬಣ್ಣ ಬಳಿದು, ಪುಟ್ಟ ಮಾದರಿ ಕ್ರೀಡಾಂಗಣದಲ್ಲಿ ನೆಟ್ಟವು. ಕೊನೆಯ ಕಾಳಗಕ್ಕೆ ಜಾನ್ ವಿಲಿಯಮ್ಸ್ ಬರೆದ ವೃಂದಗಾನದ ಭಾಷೆ ಸಂಸ್ಕೃತ. ಪದಗಳನ್ನು ಅರ್ಥಕ್ಕಿಂತ ನಾದಕ್ಕಾಗಿ ಜೋಡಿಸಿದ್ದರಿಂದ ಕನ್ನಡದ ಕಿವಿಗೂ ಅದು ಒಮ್ಮೆಗೇ ದಕ್ಕುವುದಿಲ್ಲ.

ಈ ಚಿತ್ರಗಳ ನಿಜವಾದ ಕಸುವು ಇರುವುದು ಅಂದು ಪ್ರೇಕ್ಷಕರು ಆಕಳಿಸಿದ ಸೆನೆಟ್ ದೃಶ್ಯಗಳಲ್ಲಿ. ತೆರಿಗೆಯ ತಕರಾರಿನಿಂದ ನಬೂ ಎಂಬ ಸಣ್ಣ ಗ್ರಹಕ್ಕೆ ದಿಗ್ಬಂಧನ ಬೀಳುತ್ತದೆ. ತನ್ನ ಜನರನ್ನು ಉಳಿಸಿಕೊಳ್ಳಲು ಅಲ್ಲಿನ ಎಳೆಯ ರಾಣಿ ಪದ್ಮೆ ಚಾನ್ಸಲರ್ ವಿರುದ್ಧ ಅವಿಶ್ವಾಸ ನಿರ್ಣಯ ತರುತ್ತಾಳೆ. ತೆರವಾದ ಕುರ್ಚಿ ಸೆನೆಟರ್ ಪಾಲ್ಪಟೀನ್ ಪಾಲಾಗುತ್ತದೆ. ಎರಡನೆಯ ಚಿತ್ರದಲ್ಲಿ ಅವನಿಗೆ ತುರ್ತು ಅಧಿಕಾರ ಕೊಡುವ ಪ್ರಸ್ತಾವವನ್ನು ಮಂಡಿಸುವವನು ಜಾರ್ ಜಾರ್ ಬಿಂಕ್ಸ್. ಪದ್ಮೆಯ ಬದಲಿಗೆ ಸದನದಲ್ಲಿರುವ ಇವನೆದುರು, ಇಂಥ ನಿರ್ಣಯ ತರುವ ಧೈರ್ಯ ಯಾರಿಗಿದೆ ಎಂದು ಮಾತು ತೇಲಿಬಿಡುತ್ತಾರೆ; ಅವನು ಎದ್ದು ನಿಲ್ಲುತ್ತಾನೆ. ನಗಿಸಲೆಂದು ಬಂದು ಎಲ್ಲರಿಗಿಂತ ಹೆಚ್ಚು ದ್ವೇಷ ಉಂಡ ಪಾತ್ರವೇ ಒಳ್ಳೆಯ ಮನಸ್ಸಿನಿಂದ ಗಣರಾಜ್ಯವನ್ನು ಒಪ್ಪಿಸಿಬಿಡುತ್ತದೆ. ಮೂರನೆಯ ಚಿತ್ರದಲ್ಲಿ ಅದೇ ಸದನ ಸಾಮ್ರಾಜ್ಯದ ಘೋಷಣೆಗೆ ಕೈತಟ್ಟುತ್ತದೆ. ನಡುವೆ ನಡೆದ ಯುದ್ಧದ ಎರಡೂ ಪಾಳೆಯ ಪಾಲ್ಪಟೀನ್ ಒಬ್ಬನ ಮುಷ್ಟಿಯಲ್ಲಿದ್ದರೂ ಅಧಿಕಾರ ಕೈಬದಲಾದದ್ದು ನಿಯಮಗಳ ಒಳಗೇ. ವಿಯೆಟ್ನಾಂ ಯುದ್ಧ ಮತ್ತು ನಿಕ್ಸನ್ ಕಾಲದ ಅಮೆರಿಕ ಈ ಕಥೆಯ ಮೂಲವೆಂದು ಲ್ಯೂಕಸ್ ಹೇಳಿದ್ದಾರೆ.

ಮಾತು ಬಿಟ್ಟಾಗ ಅವರ ನಿರ್ದೇಶನ ಎತ್ತರಕ್ಕೇರುತ್ತದೆ. ‘ರಿವೆಂಜ್ ಆಫ್ ದ ಸಿತ್’ನ ಒಂದು ಸಂಜೆಯಲ್ಲಿ ಅನಾಕಿನ್ ಜೆಡೈ ಯೋಧರ ಸಭಾಗೃಹದಲ್ಲಿ, ಪದ್ಮೆ ತನ್ನ ಮನೆಯಲ್ಲಿ; ನಡುವೆ ಇಡೀ ನಗರ. ಇಬ್ಬರೂ ಕಿಟಕಿಯಾಚೆ ಪರಸ್ಪರರ ದಿಕ್ಕಿಗೆ ನೋಡುತ್ತಾರೆ. ಸಂಭಾಷಣೆಯಿಲ್ಲ, ಒಂಟಿ ಹೆಣ್ಣುದನಿಯ ಆಲಾಪ ಮಾತ್ರ. ಅವಳು ಬದುಕಬೇಕೆಂಬ ಹಟವೇ ಅವನನ್ನು ಕೆಡಿಸಲಿದೆ ಎಂಬುದು ಅನಾಕಿನ್ ಪಾತ್ರದ ಹೇಡನ್ ಕ್ರಿಸ್ಟೆನ್ಸನ್‌ರ ಮುಖದಲ್ಲೇ ಸ್ಪಷ್ಟವಾಗುತ್ತದೆ.

ಅಭಿಮಾನಿಗಳ ಸಿಟ್ಟಿಗೆ ಮನುಷ್ಯರು ಬೆಲೆ ತೆತ್ತರು. ಜಾರ್ ಜಾರ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್, ಆತ್ಮಹತ್ಯೆಯ ಅಂಚಿಗೆ ಹೋಗಿದ್ದಾಗಿ 2018ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಚಿತ್ರ ಹಿಡಿಸದಿರುವುದು ಪ್ರೇಕ್ಷಕನ ಹಕ್ಕು, ನಟನನ್ನು ಹಿಂಸಿಸುವುದಲ್ಲ. 2023ರಲ್ಲಿ ಅವರು ‘ದ ಮ್ಯಾಂಡಲೋರಿಯನ್’ ಸರಣಿಗೆ ಜೆಡೈ ಆಗಿ ಬಂದಾಗ ಸಿಕ್ಕ ಸ್ವಾಗತ ತಡವಾಗಿಯಾದರೂ ಸಂದ ನ್ಯಾಯ.

ಗಾಳಿ ತಿರುಗಿಸಿದವರು ಈ ಚಿತ್ರಗಳನ್ನು ಬಾಲ್ಯದಲ್ಲಿ ನೋಡಿ ಬೆಳೆದವರು. 2008ರಲ್ಲಿ ಶುರುವಾದ ‘ದ ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿ ಅನಾಕಿನ್‌ಗೆ ಚಿತ್ರಗಳಲ್ಲಿ ಸಿಗದ ಬಿಡುವು, ಗೆಳೆತನ, ನಗು ಕೊಟ್ಟಿತು. 2025ರಲ್ಲಿ ‘ರಿವೆಂಜ್ ಆಫ್ ದ ಸಿತ್’ 20ನೇ ವರ್ಷದ ನೆನಪಿಗೆ ಮತ್ತೆ ಚಿತ್ರಮಂದಿರಗಳಿಗೆ ಬಂತು. ಹೊಸದಾಗಿ ನೋಡುವವರು ಮೊದಲು 1977ರಿಂದ 1983ರವರೆಗಿನ ಮೂರನ್ನು ಮುಗಿಸಿ ಆಮೇಲೆ ಪೂರ್ವಕಥೆಗೆ ಬರುವುದು ಲೇಸು. ಇಲ್ಲವಾದರೆ ವೇಡರ್ ಯಾರೆಂಬ ಗುಟ್ಟು ಮುಂಚೆಯೇ ಒಡೆದುಹೋಗುತ್ತದೆ.