ಆ ರಸೀದಿ ಮುರಿಸಿ, ಗೆಳತಿ



ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಯಜಮಾನರ ಆಪರೇಷನ್ನಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದಿರಿ, ಬಾಕಿ ಈಗ 1,20,000 ರೂಪಾಯಿಗೆ ಬಂದು ನಿಂತಿದೆ. ಎಫ್‌ಡಿಯಲ್ಲಿ 2 ಲಕ್ಷವಿದೆ, ಆದರೆ ಮುಟ್ಟಲು ಕೈ ಬರುತ್ತಿಲ್ಲ. "ಮಗಳಿಗೆಂದು ಇಟ್ಟಿದ್ದು, ಮುರಿಸಿದರೆ ಮನೆಯೇ ಬರಿದಾದ ಹಾಗೆ" ಎಂದಿದ್ದೀರಿ. ಆ ಮಾತು ನನ್ನನ್ನು ಬಿಟ್ಟಿಲ್ಲ. ನಾನೂ ಹದಿನಾಲ್ಕು ತಿಂಗಳು ಹಾಗೇ ಕೂತಿದ್ದವಳು.

ನಮ್ಮ ಎಫ್‌ಡಿ ರಸೀದಿ ದೇವರಮನೆಯ ಗೂಡಿನಲ್ಲಿ, ಎಲ್‌ಐಸಿ ಬಾಂಡುಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿರುತ್ತಿತ್ತು. ಅದರ ಮೂಲೆಯಲ್ಲಿ ಅರಿಸಿನದ ಬೆರಳಚ್ಚು. ತಿಂಗಳಿಗೊಮ್ಮೆ ಕಾರ್ಡಿಗೆ ಮಿನಿಮಮ್ ಕಟ್ಟಿ, ಆ ಕವರನ್ನು ಮುಟ್ಟಿ ನೋಡಿ, ದುಡ್ಡು ಭದ್ರವಾಗಿದೆ ಅಂದುಕೊಳ್ಳುತ್ತಿದ್ದೆ. ಅದು ಭದ್ರವಾಗಿರಲಿಲ್ಲ. ಇನ್ನೊಂದು ಬಾಗಿಲಿಂದ ಸೋರಿಹೋಗುತ್ತಿತ್ತು.

ನಿಮ್ಮ ಲೆಕ್ಕವನ್ನೇ ನೋಡಿ. ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್ ಎಂದು ಬರೆದಿದ್ದೀರಿ. ವರ್ಷಕ್ಕೆ 42 ಆಯಿತು. 1,20,000ಕ್ಕೆ ತಿಂಗಳ ಬಡ್ಡಿ 4,200, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 756, ಒಟ್ಟು 4,956 ರೂಪಾಯಿ. ನೀವು ಕಟ್ಟುತ್ತಿರುವ 6,000ದಲ್ಲಿ ಅಸಲಿಗೆ ಜಮೆಯಾಗುವುದು ಸಾವಿರದ ಚಿಲ್ಲರೆ. ಎಫ್‌ಡಿಯಲ್ಲಿ ಕೂತ ಅಷ್ಟೇ ಮೊತ್ತ 6.5 ಪರ್ಸೆಂಟಿನಂತೆ ತಿಂಗಳಿಗೆ ತರುವುದು 650. ಆ 650 ಕೈತಪ್ಪಬಾರದೆಂದು ಐದು ಸಾವಿರ ತೆರುತ್ತಿದ್ದೀರಿ. ಇನ್ನೂ ಒಂದಿದೆ: ಹಳೆ ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೇ ಇಲ್ಲ. ಇವತ್ತು ಕಾರ್ಡಿನಲ್ಲಿ ತಂದ ದಿನಸಿಗೆ ಇವತ್ತಿನಿಂದಲೇ ಬಡ್ಡಿ.

ಆದ್ದರಿಂದ ಎಫ್‌ಡಿ ಮುರಿಸಿ, ಕಾರ್ಡಿನ ಬಾಕಿ ತೀರಿಸಿ. ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿಯಲ್ಲಿ ಅರ್ಧವೋ ಒಂದೋ ಪರ್ಸೆಂಟ್ ಕಡಿತವಾಗಬಹುದು, ಹೋಗಲಿ. ಅವಧಿ ಮುಗಿಯಲು ಎರಡು ಮೂರು ತಿಂಗಳಷ್ಟೇ ಉಳಿದಿದ್ದರೆ ಮಾತ್ರ ಎಫ್‌ಡಿ ಮೇಲೆ ಸಾಲ ಕೇಳಿ. ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ ಒಂದೆರಡು ಪರ್ಸೆಂಟ್ ಹೆಚ್ಚಿಗೆ ಕೊಡುತ್ತಾರೆ, 42ರ ಮುಂದೆ ಅದು ಏನೂ ಅಲ್ಲ.

ಉಳಿಯುವ 80,000ವನ್ನು ಮಾತ್ರ ಯಾರು ಏನೇ ಹೇಳಿದರೂ ಬಿಡಬೇಡಿ. ನಿಮ್ಮ ಮನೆಖರ್ಚು ತಿಂಗಳಿಗೆ 25,000 ಅಂದಿರಿ, ಅಂದರೆ ಮೂರು ತಿಂಗಳ ಅನ್ನ ಅದು. ಯಜಮಾನರು ಇನ್ನೂ ಕೆಲಸಕ್ಕೆ ಹೋಗುತ್ತಿಲ್ಲ. ಕೈ ಪೂರ್ತಿ ಖಾಲಿಯಾದರೆ ಮುಂದಿನ ಜ್ವರಕ್ಕೆ ಮತ್ತೆ ಅದೇ ಕಾರ್ಡ್ ಉಜ್ಜಬೇಕಾಗುತ್ತದೆ.

ಕಟ್ಟುವ ದಿನ ಕಾರ್ಡಿನವರಿಗೆ ಫೋನ್ ಮಾಡಿ, ಇವತ್ತಿನವರೆಗಿನ ಪೂರ್ತಿ ಬಾಕಿ ಎಷ್ಟೆಂದು ಕೇಳಿ. ಸ್ಟೇಟ್‌ಮೆಂಟಿನ ಮೊತ್ತವನ್ನಷ್ಟೇ ಕಟ್ಟಿದರೆ ನಡುವಿನ ದಿನಗಳ ಬಡ್ಡಿ ಮುಂದಿನ ತಿಂಗಳು ಬಂದು ಕೂರುತ್ತದೆ. ನನಗೆ ಹಾಗೆ 1,300 ಬಂದಾಗ ಕಣ್ಣಲ್ಲಿ ನೀರು ಬಂದಿತ್ತು. ಕಡಿಮೆ ಕಟ್ಟಿ ಸೆಟ್ಲ್‌ಮೆಂಟ್ ಮಾಡಿಕೊಳ್ಳಿ ಅಂದರೆ ಒಪ್ಪಬೇಡಿ, ಆ ಗುರುತು ಸಿಬಿಲ್ ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಾಕಿ ತೀರಿದ ಮೇಲೆ ಕಾರ್ಡೇ ಬೇಡವೆನಿಸಿದರೆ ಬರೆದುಕೊಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು.

ಮಗಳ ದುಡ್ಡಿನ ಚಿಂತೆ ನನಗೂ ಇದೆ. ಕಾರ್ಡಿಗೆ ಹೋಗುತ್ತಿದ್ದ ಅದೇ 6,000ವನ್ನು ಅವಳ ಹೆಸರಲ್ಲಿ ಆರ್‌ಡಿ ಕಟ್ಟಿ. ಇಪ್ಪತ್ತು ತಿಂಗಳಿಗೆ 1,20,000, ಬಡ್ಡಿ ಬೇರೆ.

80,000ವನ್ನು 40,000ದ ಎರಡು ರಸೀದಿ ಮಾಡಿಸಿ. ಅಗತ್ಯ ಬಿದ್ದರೆ ಒಂದನ್ನೇ ಮುರಿಸಬಹುದು. ಸೋಮವಾರ ಬ್ಯಾಂಕಿಗೆ ಹೋಗುವಾಗ ಮೂಲ ರಸೀದಿ, ಪ್ಯಾನ್ ಕಾರ್ಡ್ ಮರೆಯಬೇಡಿ. ಠೇವಣಿ ಜಂಟಿ ಹೆಸರಲ್ಲಿದ್ದರೆ ಯಜಮಾನರ ಸಹಿಯೂ ಬೇಕಾದೀತು, ಮನೆಯಲ್ಲೇ ಹಾಕಿಸಿಕೊಂಡು ಹೋಗಿ. ಅವರನ್ನು ಮೆಟ್ಟಿಲು ಹತ್ತಿಸಬೇಡಿ.

ನಿಮ್ಮ ಗೆಳತಿ